ಇಲ್ಲದ ಕೈಯ ಮುಷ್ಟಿ

ಸ್ಕಾರ್‌ವಿಕ,
ಹೆಲ್ಗೆಲಾಂಡ್ ಕರಾವಳಿ, ನಾರ್ವೆ
೧೪ ಜೂನ್ ೧೯೮೦, ಶನಿವಾರ

ಪ್ರೀತಿಯ ಐಲಿಫ್,

ಹೇಗಿದ್ದೀಯ? ಸಾಂಟೋಸ್ ಬಂದರಿನಿಂದ ನೀನು ಹಾಕಿದ ಕಾಗದ ಬುಧವಾರ ಕೈಸೇರಿತು. ಕತ್ತಿನ ಹಿಂದೆ ಎದ್ದಿದ್ದ ಬೆವರುಗುಳ್ಳೆ ಮಾಯಿತೇ? ಆ ಇಂಜಿನ್ ಕೋಣೆಯ ಸೆಕೆಯನ್ನು ನೆನೆದರೆ ಇಲ್ಲಿ ಒಲೆಯ ಮುಂದೆ ಕೂತ ನನಗೇ ಉಸಿರು ಕಟ್ಟುತ್ತದೆ. ಕಿವಿಗೆ ಹತ್ತಿ ಇಟ್ಟುಕೊಳ್ಳದೆ ಕೆಳಗೆ ಇಳಿಯಬೇಡ. ಹೋದ ಸಲ ರಜೆಗೆ ಬಂದಾಗ ಚರ್ಚಿನಲ್ಲಿ ಪಾದ್ರಿಗಳ ಮಾತಿಗೆ ನೀನು 'ಆಂ?' ಎಂದು ಗಟ್ಟಿಯಾಗಿ ಕೇಳಿದ್ದನ್ನು ಊರಿನವರು ಇನ್ನೂ ಹೇಳಿಕೊಂಡು ನಗುತ್ತಾರೆ. ಹೊಸ ಅಡುಗೆಯವನು ಮೀನಿಗೂ ಮೆಣಸು ಸುರಿಯುತ್ತಾನೆಂದು ಬರೆದಿದ್ದೀಯ, ಹೊಟ್ಟೆ ಜೋಪಾನ. ಇಲ್ಲಿ ಎಲ್ಲ ಸೌಖ್ಯ. ಕುಂಟು ಕುರಿ ಅವಳಿ ಮರಿ ಹಾಕಿದೆ, ಆಲೂಗಡ್ಡೆ ಬಿತ್ತಿ ಆಯಿತು, ಹಿತ್ತಲಿನ ಬಾಗಿಲು ಈಗಲೂ ಒದ್ದರೇ ತೆರೆಯುವುದು.

ಇನ್ನು ನಿಜವಾದ ಸುದ್ದಿ. ನಿಂತು ಓದುತ್ತಿದ್ದರೆ ಎಲ್ಲಾದರೂ ಕೂತುಕೋ. ಮಾವನ ಮುಷ್ಟಿ ಬಿಚ್ಚಿತು ಐಲಿಫ್! ನಿಮ್ಮಪ್ಪನ ಎಡಗೈ ಮುಷ್ಟಿ, ಆ ಇಲ್ಲದ ಕೈಯ ಮುಷ್ಟಿ, ಅವರು ದೋಣಿ ಕಟ್ಟುವ ನಮ್ಮ ದೋಣಿಮನೆಯಲ್ಲಿ, ನನ್ನ ಕಣ್ಣೆದುರಿಗೇ, ಒಂದೊಂದೇ ಬೆರಳಾಗಿ ಬಿಚ್ಚಿಕೊಂಡಿತು. ಇಷ್ಟು ಬರೆದು ಒಂದು ಸುತ್ತು ಅಂಗಳದಲ್ಲಿ ತಿರುಗಾಡಿ ಬಂದು ಮತ್ತೆ ಕೂತಿದ್ದೇನೆ. ಮೊದಲಿನಿಂದಲೇ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಬರೆದರೆ ಬೇಸರಪಡಬೇಡ, ಹಡಗಿನ ಗೆಳೆಯರಿಗೆ ನನ್ನ ಕಾಗದ ಓದಿ ಹೇಳುವ ನಿನ್ನ ಅಭ್ಯಾಸ ನನಗೆ ಗೊತ್ತು. ಅವರಿಗೂ ಅರ್ಥವಾಗಲಿ.

ಹೋದ ಅಕ್ಟೋಬರಿನಲ್ಲಿ ದೋಣಿಗೆ ಹಲಗೆ ಸೀಳುವಾಗ ಗರಗಸದ ಯಂತ್ರ ಮಾವನ ಎಡಗೈಯನ್ನು ಮಣಿಕಟ್ಟಿನ ಮೇಲಕ್ಕೆ ಕತ್ತರಿಸಿತು. ಗಾಯ ಮಾಗಿತು, ಹೊಲಿಗೆ ತೆಗೆದರು, ಆದರೆ ಹೋದ ಕೈ ಮಾತ್ರ ಹೋಗಲಿಲ್ಲ. ಅದು ಅಲ್ಲೇ ತೋಳಿನ ತುದಿಯಲ್ಲಿ ಮುಷ್ಟಿ ಕಟ್ಟಿಕೊಂಡು ಕೂತಿತ್ತು. ಹೆಬ್ಬೆರಳು ಒಳಗೆ ಸಿಕ್ಕಿಕೊಂಡಿದೆ, ಉಗುರುಗಳು ಅಂಗೈಗೆ ನಾಟಿವೆ, ಬಿಡಿಸಿಕೊಳ್ಳೋಣವೆಂದರೆ ಹಿಡಿಯಲು ಕೈಯೇ ಇಲ್ಲ. ಈಸ್ಟರ್‌ಗೆ ಬಂದಾಗ ನೀನೇ ನೋಡಿದ್ದೆಯಲ್ಲ, ಊಟದ ನಡುವೆ ಚಮಚ ಕೆಳಗಿಟ್ಟು, ಖಾಲಿ ತೋಳನ್ನು ಎದೆಗೆ ಒತ್ತಿಕೊಂಡು, ಹಲ್ಲು ಕಚ್ಚಿ ಗೋಡೆ ನೋಡುತ್ತ ಕೂತುಬಿಡುತ್ತಿದ್ದರು. ಡಾಕ್ಟರು ಕೊಟ್ಟ ಗುಳಿಗೆ ನುಂಗಿದರೆ ನೋವಿನ ಬದಲು ಮನುಷ್ಯನೇ ಮಂಕಾಗುತ್ತಿದ್ದ. ಕೊಕ್ಕೆಯ ಕೈ ಮಾಡಿಸಿಕೊಟ್ಟರು, ಅದನ್ನು ಮೊಳೆಗೆ ನೇತುಹಾಕಿ, 'ಅಂಗಿ ತೂಗುಹಾಕಕ್ಕೆ ಚೆನ್ನಾಗಿದೆ' ಅಂದರು.

ನೀನು ಹಡಗಿಗೆ ಹೋದ ಮರುವಾರ ಪಕ್ಕದ ಮನೆಯ ಪೆತ್ರಿನೆ ಅಜ್ಜಿ ಕಾಫಿಗೆ ಬಂದಿದ್ದಳು. ಎಂಬತ್ತು ದಾಟಿದ ಮೇಲೆ ಅವಳ ನಾಲಗೆಗೆ ಇನ್ನಷ್ಟು ಚುರುಕು ಬಂದಿದೆ. ಬಂದವಳೇ ಕೇಳಿದಳು, 'ಹಾಲ್ವರ್, ಆ ಕೈನ ಎಲ್ಲಿ ಹೂಳಿದ್ರೋ? ಬೆರಳು ಮಡಚ್ಕೊಂಡೇ ಮಣ್ಣಿಗೆ ಹೋಗಿರತ್ತೆ. ಅಗೆದು ತೆಗೆದು, ಬೆರಳು ನೆಟ್ಟಗೆ ಮಾಡಿ, ಮತ್ತೆ ಹೂಳ್ಬೇಕು. ನಮ್ಮಜ್ಜನ ಕಾಲಿಗೆ ಹಾಗೇ ಮಾಡಿದ್ರು, ಮಾರನೇ ದಿನಕ್ಕೆ ನೋವಿಲ್ಲ.' ಮಾವ ಹೇಳಿದರು, 'ಹೂಳಲಿಲ್ಲ ಪೆತ್ರಿನೆ. ಆಸ್ಪತ್ರೇಲಿ ಸುಟ್ಟುಬಿಟ್ರಂತೆ.' ಅವಳು ಬಟ್ಟಲನ್ನು ತಟ್ಟೆಯ ಮೇಲೆ ಕುಕ್ಕಿ, 'ಅಯ್ಯೋ ದೇವರೇ! ಮತ್ತೆ ಅದಕ್ಕೇ ಉರೀತಿರೋದು!' ಅಂದಳು. ಅಕ್ಟೋಬರ್ ಆದಮೇಲೆ ಮಾವ ನಕ್ಕದ್ದು ಅದೇ ಮೊದಲು. ಮೇಜು ಅಲುಗಾಡುವ ಹಾಗೆ ನಕ್ಕರು. ನಗುತ್ತ ನಗುತ್ತಲೇ ಮುಖ ಬಿಳಿಚಿಕೊಂಡಿತು, ತೋಳು ಹಿಡಿದುಕೊಂಡು ಎದ್ದು ಹೊರಗೆ ಹೋದರು. ಪೆತ್ರಿನೆಯೂ ನಾನೂ ಒಬ್ಬರ ಮುಖ ಒಬ್ಬರು ನೋಡದೆ ಕಾಫಿ ಕುಡಿದೆವು.

ಏಪ್ರಿಲ್ ಕೊನೆಯಲ್ಲಿ ಒಂದು ಬೆಳಗ್ಗೆ, ನಾನು ರೊಟ್ಟಿಗೆ ಬೆಣ್ಣೆ ಹಚ್ಚುತ್ತಿದ್ದಾಗ, ಹವಾಮಾನದ ಮಾತಾಡುವಷ್ಟು ಸರಾಗವಾಗಿ ಹೇಳಿದರು: 'ಒಡ್‌ನಿ, ಡಾಕ್ಟರಿಗೆ ಹೇಳಿಬಿಟ್ಟಿದೀನಿ. ಭುಜದ ತನಕ ತೆಗೆದುಬಿಡ್ಲಿ. ಮೇ ತಿಂಗಳು ಮುಗಿಯೋದ್ರೊಳಗೆ ಕರೀತಾರೆ.' ನನ್ನ ಕೈಯಲ್ಲಿದ್ದ ಚಾಕು ಹಾಗೇ ನಿಂತಿತು. 'ನೋವು ತೋಳಲ್ಲಿ ಇಲ್ವಲ್ಲ ಮಾವ, ಇಲ್ಲದ ಕೈಯಲ್ಲಿ ತಾನೆ ಇರೋದು?' ಅಂದೆ. 'ಇಲ್ಲದ ಕೈಯಿಂದ ನನ್ನ ತಲೆಗೆ ಬರೋಕೆ ದಾರಿ ಆ ತೋಳೇ ಅಲ್ವಾ? ದಾರೀನೇ ಕಡಿದುಬಿಡೋಣ' ಅಂದರು. ಕಡಿದರೂ ನೋವು ನಿಲ್ಲುತ್ತದೆಂದು ಭರವಸೆ ಕೊಡಲಾರೆ ಎಂದು ಡಾಕ್ಟರೇ ಹೇಳಿದ್ದರಂತೆ. ಭುಜ ಹೋದರೆ ಆ ಕೊಕ್ಕೆಯನ್ನು ಕಟ್ಟುವುದಕ್ಕೂ ಜಾಗವಿರುವುದಿಲ್ಲ ಎಂದೂ ಹೇಳಿದ್ದರಂತೆ. ಅಂದರೆ ದೋಣಿ ಕಟ್ಟುವುದು ಅಲ್ಲಿಗೆ ಮುಗಿಯಿತು. ನಮಗೆಂದು ಅವರು ಶುರುಮಾಡಿದ್ದ ನಾಲ್ಕು ಹುಟ್ಟಿನ ದೋಣಿ ಅರ್ಧಕ್ಕೇ ನಿಂತು ಟಾರ್ಪಾಲಿನಡಿ ಮಲಗಿತ್ತಲ್ಲ, ಅದರತ್ತ ಮುಖ ಹಾಕುವುದನ್ನೂ ಬಿಟ್ಟಿದ್ದರು. ಇದನ್ನು ಹೋದ ಕಾಗದದಲ್ಲಿ ನಿನಗೆ ಬರೆಯಲಿಲ್ಲ. ಸಾಗರದ ನಡುವೆ ಕೂತು ನೀನೇನು ಮಾಡಬಲ್ಲೆ, ಸುಮ್ಮನೆ ಕೊರಗುತ್ತಿದ್ದೆ.

ಆಗ ಬಂದಳು ಗುನ್ನೆಲ್. ಪೇಟೆಯ ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ಬಂದ ಫಿಸಿಯೋಥೆರಪಿಯವಳು, ಸ್ವೀಡನ್ನಿನವಳು. ಗುರುವಾರದ ಫೆರಿಯಲ್ಲಿ ನಮ್ಮ ದ್ವೀಪಕ್ಕೆ ಬಂದು ಮನೆಮನೆಗೆ ಹೋಗುತ್ತಾಳೆ. ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕು, ಅಷ್ಟೆತ್ತರ. ಮೊಣಕಾಲುದ್ದದ ರಬ್ಬರ್ ಬೂಟು, ಅವಸರವಿಲ್ಲದ ಮಾತು. ಮಾವ ಅವಳಿಗೆ ಕೇಳಿಸುವ ಹಾಗೇ ನನಗೆ ಹೇಳಿದರು, 'ಸ್ವೀಡನ್ನಿನೋರು ಈ ಕಡೆ ಬಂದ್ರೆ ಒಂದೋ ಯುದ್ಧಕ್ಕೆ, ಇಲ್ಲಾ ಉಪದೇಶಕ್ಕೆ.' ಅವಳು ಕೋಟು ಬಿಚ್ಚುತ್ತ, 'ಇವತ್ತು ಎರಡಕ್ಕೂ ಅಲ್ಲ, ಕಾಫಿಗೆ' ಅಂದಳು. ಆಗಲೇ ನನಗೆ ಅವಳು ಹಿಡಿಸಿಬಿಟ್ಟಳು.

ಕಾಫಿ ಮುಗಿಸಿ ಚೀಲದಿಂದ ಒಂದು ಪುಟ್ಟ ಪೆಟ್ಟಿಗೆ ತೆಗೆದಳು. ನಿನ್ನ ತಂಬಾಕಿನ ಡಬ್ಬಿಯಷ್ಟಿದೆ. ಮೇಲೆ ಎರಡು ತಿರುಗಿಸುವ ಗುಂಡಿ, ಎರಡು ವೈರು, ವೈರಿನ ತುದಿಗೆ ಚರ್ಮಕ್ಕೆ ಅಂಟಿಸುವ ಕಪ್ಪು ರಬ್ಬರಿನ ಬಿಲ್ಲೆಗಳು. ಒಳಗೆ ಬ್ಯಾಟರಿ. 'ಸೂಜಿ ಇಲ್ಲ, ಕತ್ತಿ ಇಲ್ಲ, ಚರ್ಮದ ಮೇಲಷ್ಟೇ ಇಡೋದು' ಅಂದಳು. 'ಮೊಣಕೈ ಮೇಜಿಗೆ ಬಡಿದ್ರೆ ಏನ್ ಮಾಡ್ತೀರಿ ಹಾಲ್ವರ್? ಉಜ್ತೀರಿ. ಉಜ್ಜಿದ್ರೆ ನೋವು ಯಾಕೆ ಕಮ್ಮಿ ಆಗತ್ತೆ? ಉಜ್ಜಿದ ಸುದ್ದಿ ನರದಲ್ಲಿ ಮುಂದೆ ಓಡಿಹೋಗಿ ಬೆನ್ನುಹುರಿ ಬಾಗಿಲಲ್ಲಿ ಅಡ್ಡ ನಿಂತುಬಿಡತ್ತೆ, ನೋವಿನ ಸುದ್ದಿಗೆ ಜಾಗ ಬಿಡಲ್ಲ. ಈ ಪೆಟ್ಟಿಗೆ ಮಾಡೋದೂ ಅಷ್ಟೇ. ಕರೆಂಟಿನಲ್ಲಿ ಉಜ್ಜತ್ತೆ.'

ಮಾವ ಪೆಟ್ಟಿಗೆಯನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು. 'ನಮ್ಮಜ್ಜನ ಕಾಲದಲ್ಲಿ ಸಂತೆಗೆ ಒಬ್ಬ ಬರ್ತಿದ್ದನಂತೆ. ಎರಡು ಹಿತ್ತಾಳೆ ಹಿಡಿ ಕೈಗೆ ಕೊಟ್ಟು ಚಕ್ರ ತಿರುಗಿಸೋನು, ಮೈಯೆಲ್ಲ ಜುಮ್ ಅನ್ನೋದು. ಕೀಲುನೋವು, ಬೋಳುತಲೆ, ಹೆಂಡ್ತಿ ಕಾಟ, ಎಲ್ಲಕ್ಕೂ ಅದೇ ಮದ್ದು. ನಮ್ಮಜ್ಜನ ಬೋಳುತಲೆ ಹೋಗ್ಲಿಲ್ಲ.' ಗುನ್ನೆಲ್ ಗಂಭೀರವಾಗಿಯೇ ಕೇಳಿದಳು, 'ಹೆಂಡ್ತಿ ಕಾಟ?' ಮಾವ ಅಷ್ಟೇ ಗಂಭೀರವಾಗಿ, 'ಅದೂ ಹೋಗ್ಲಿಲ್ಲ' ಅಂದರು. ನಾನು ಒಲೆಯ ಕಡೆ ತಿರುಗಿ ನಕ್ಕೆ. ಆದರೆ ಅವಳು ಸಂತೆಯವನ ಹಾಗೆ ಮಾತಾಡಲಿಲ್ಲ ಐಲಿಫ್, ಅದನ್ನೇ ನಾನು ಗಮನಿಸಿದ್ದು. ಕೆಲವರಿಗೆ ಹಿಡಿಯುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ, ನಾನು ಮಾತು ಕೊಡುವುದಿಲ್ಲ ಎಂದು ನೇರವಾಗಿ ಹೇಳಿದಳು. ಎದೆಯೊಳಗೆ ಹೃದಯಕ್ಕೆಂದು ಯಂತ್ರ ಇಟ್ಟಿದ್ದಾರೆಯೇ ಎಂದು ಕೇಳಿದಳು, ಹಾಗಿದ್ದರೆ ಇದನ್ನು ಮುಟ್ಟಿಸಬಾರದಂತೆ. 'ದೇವರು ಇಟ್ಟಿದ್ದು ಒಂದೇ' ಅಂದರು ಮಾವ.

ಆ ದಿನ ಬಿಲ್ಲೆಗಳನ್ನು ಮೊಂಡುತೋಳಿನ ಮೇಲೆಯೇ ಅಂಟಿಸಿದಳು. ಗುಂಡಿಯನ್ನು ಸ್ವಲ್ಪಸ್ವಲ್ಪವಾಗಿ ತಿರುಗಿಸಿದಳು. 'ಇರುವೆ ಹರಿದ ಹಾಗಿದೆ' ಅಂದರು ಮಾವ. ಇನ್ನೊಂದಿಷ್ಟು ತಿರುಗಿಸಿದಳು. ಮುಖ ಸಡಿಲವಾಯಿತು ಅಂದುಕೊಳ್ಳುವಷ್ಟರಲ್ಲಿ ಹುಬ್ಬು ಗಂಟಿಕ್ಕಿತು, ಕುತ್ತಿಗೆಯ ನರ ಉಬ್ಬಿತು. 'ಬಿಗೀತಿದೆ! ಇನ್ನೂ ಬಿಗೀತಿದೆ!' ಎಂದು ಕೂಗಿ ಬಿಲ್ಲೆಗಳನ್ನು ಕಿತ್ತೆಸೆದರು. ಪೆಟ್ಟಿಗೆ ವೈರಿನಲ್ಲಿ ಜೋತುಬಿದ್ದು ಮೇಜಿನ ಕಾಲಿಗೆ ಬಡಿಯಿತು. 'ತಗೊಂಡ್ ಹೋಗು ನಿನ್ನ ಮಿಂಚಿನ ಡಬ್ಬೀನ! ಈ ಸಂಕಟಕ್ಕೆ ಮೇಲೊಂದು ಸಂಕಟ ಬೇರೆ!' ಎಂದು ಬಾಗಿಲು ಬಡಿದುಕೊಂಡು ಹೊರಟುಹೋದರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಗುನ್ನೆಲ್ ವೈರು ಸುತ್ತಿ ಪೆಟ್ಟಿಗೆ ಒಳಗಿಟ್ಟು, ಉಳಿದಿದ್ದ ವಾಫಲ್ ದೋಸೆ ತಿಂದು, ಬೆರಳು ಒರೆಸಿಕೊಂಡು, 'ಮುಂದಿನ ಗುರುವಾರ ಬರ್ತೀನಿ' ಅಂದಳು.

ಅವಳನ್ನು ಫೆರಿ ನಿಲ್ಲುವ ದಕ್ಕೆಯ ತನಕ ಬಿಡಲು ಹೋದೆ. ದಾರಿಯಲ್ಲಿ ಆಪರೇಷನ್ನಿನ ಮಾತು ಹೇಳಿದೆ. ನಡೆಯುತ್ತಿದ್ದವಳು ನಿಂತಳು. 'ಭುಜದ ತನಕಾನಾ?' ಹೌದೆಂದೆ. 'ಒಂದು ವಾರ ಅವರನ್ನ ತಡೀರಿ. ನನಗೆ ಕಲಿಸಿದವರು ಗೋಥೆನ್‌ಬರ್ಗ್‌ನಲ್ಲಿದಾರೆ, ಫೋನ್ ಮಾಡಿ ಕೇಳ್ತೀನಿ' ಅಂದಳು. ತಡೆಯುವುದು ಅಂದರೆ ಹೇಗೆ? ನಿಮ್ಮಪ್ಪನನ್ನು ತಡೆದವರು ಯಾರಿದ್ದಾರೆ? ಆ ವಾರ ಮನೆಯಲ್ಲಿ ನಾವಿಬ್ಬರೂ ಹತ್ತು ಮಾತು ಆಡಲಿಲ್ಲ. ಆಸ್ಪತ್ರೆಯಿಂದ ಕರೆ ಬಂದೇ ಬಂತು. ಮೇ ಹದಿನೇಳರ ರಾಷ್ಟ್ರೀಯ ಹಬ್ಬ ಕಳೆದ ಮೇಲಿನ ಮಂಗಳವಾರ ಬಂದು ಸೇರಬೇಕೆಂದು. ಮಾವ ತಮ್ಮ ಸೂಟ್‌ಕೇಸಿಗೆ ತಾವೇ ಬಟ್ಟೆ ಜೋಡಿಸಿಟ್ಟುಕೊಂಡರು.

ಹಬ್ಬಕ್ಕೆ ಮುಂಚಿನ ಗುರುವಾರ ಗುನ್ನೆಲ್ ಬಂದಳು. ಫೆರಿಯ ಸದ್ದು ಕೇಳಿದ್ದೇ ಮಾವ ದೋಣಿಮನೆ ಸೇರಿಕೊಂಡಿದ್ದರು. ಅವಳು ನೇರ ಅಲ್ಲಿಗೇ ಹೋಗಿ, ಮಗುಚಿಟ್ಟಿದ್ದ ಮೀನಿನ ತೊಟ್ಟಿಯ ಮೇಲೆ ಕೂತಳು. ನಾನು ಬಾಗಿಲಲ್ಲಿ ನಿಂತೆ. 'ಹಾಲ್ವರ್, ಇವತ್ತು ಆ ತೋಳು ಮುಟ್ಟಲ್ಲ. ಬಲಗೈ ಕೊಡಿ' ಅಂದಳು.

'ಬಲಗೈಗೆ ಏನೂ ಆಗಿಲ್ವಲ್ಲಮ್ಮ!'

'ಅದಕ್ಕೇ ಕೇಳ್ತಿರೋದು.'

'ನಿಮ್ಮೂರಲ್ಲಿ ಮನೆಗೆ ಬೆಂಕಿ ಬಿದ್ರೆ ಪಕ್ಕದ ಮನೆಗೆ ನೀರು ಹಾಕ್ತಾರಾ?'

'ಹಾಕಿ ನೋಡೋಣ. ಆರದೇ ಇದ್ರೆ ಆಮೇಲೆ ಬೈಯಿರಿ. ಹೇಗೂ ಮಂಗಳವಾರ ಹೋಗ್ತೀರಲ್ಲ, ಇವತ್ತೊಂದು ದಿನ ನನಗೆ ಕೊಡಿ.'

ಮಾವ ನನ್ನ ಮುಖ ನೋಡಿದರು. ಕೊನೆಗೆ ಅಂಗಿಯ ತೋಳು ಮೇಲಕ್ಕೇರಿಸಿ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟರು. 'ಎಡಗೈಯಲ್ಲಿ ಎಲ್ಲೆಲ್ಲಿ ನೋಯತ್ತೋ ಅದನ್ನ ಈ ಕೈ ಮೇಲೆ ನೋಡಿ ಹೇಳಿ' ಅಂದಳು. ಅವರು ಮೊಂಡುತೋಳನ್ನು ಚಾಚಿ ಅದರ ತುದಿಯಿಂದ ಬಲಗೈಯ ಹೆಬ್ಬೆರಳಿನ ಬುಡವನ್ನು ಮುಟ್ಟಿ ತೋರಿಸಿದರು, ಆಮೇಲೆ ಮಣಿಕಟ್ಟಿನ ಒಳಭಾಗವನ್ನು. ಅವೆರಡು ಜಾಗಕ್ಕೆ ಗುನ್ನೆಲ್ ತಣ್ಣನೆಯ ಅಂಟು ಸವರಿ ಬಿಲ್ಲೆ ಕೂರಿಸಿ ಪಟ್ಟಿ ಹಚ್ಚಿದಳು. ಗುಂಡಿ ತಿರುಗಿಸಿದಳು. 'ಇರುವೆ' ಅಂದರು ಮಾವ. 'ಇರ್ಲಿ, ಹರೀಲಿ' ಅಂದಳು. ಮಾವ ಕಣ್ಣು ಮುಚ್ಚಿದರು. ಹೊರಗೆ ಕಡಲಕ್ಕಿಗಳ ಜಗಳ, ಒಳಗೆ ಡಾಂಬರಿನ ವಾಸನೆ. ಗುನ್ನೆಲ್ ಗಡಿಯಾರವನ್ನೂ ನೋಡಲಿಲ್ಲ. ನನಗೆ ಮಾತ್ರ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

'ಒಡ್‌ನಿ' ಅಂದರು ಮಾವ, ತುಂಬ ಮೆಲ್ಲಗೆ.

'ಏನು ಮಾವ? ಬಿಗೀತಿದೆಯಾ?'

'ಹೆಬ್ಬೆರಳು ಆಚೆ ಬಂತು.'

ಮಾವ ಒಂದೊಂದಾಗಿ ಎಣಿಸುತ್ತ ಹೋದರು. 'ತೋರುಬೆರಳೂ ಬರ್ತಿದೆ. ಇರು... ಇರು... ನಡುಬೆರಳು.' ಕಿರುಬೆರಳಿಗೆ ಬಂದಾಗ ಅವರ ದನಿ ಒಡೆಯಿತು. ಕಣ್ಣು ತೆರೆದು, ತೋಳು ಮುಗಿದ ಜಾಗದ ಆಚೆಗೆ, ಏನೂ ಇಲ್ಲದ ಗಾಳಿಯನ್ನು ನೋಡುತ್ತಿದ್ದರು. ಅಲ್ಲಿ ಯಾವುದೋ ಹಕ್ಕಿ ಬಂದು ಕೂತಿದೆ, ಅಲುಗಾಡಿದರೆ ಹಾರಿಹೋಗುತ್ತದೆ ಅನ್ನುವ ಹಾಗೆ. 'ಅಂಗೈಗೆ ಗಾಳಿ ತಾಗ್ತಿದೆ' ಅಂದರು. 'ತಣ್ಣಗಿದೆ ಮಗಳೇ.' ಐಲಿಫ್, ಅತ್ತೆಯನ್ನು ಮಣ್ಣುಮಾಡಿದ ದಿನವೂ ನಿಮ್ಮಪ್ಪ ಅತ್ತದ್ದನ್ನು ನಾನು ನೋಡಿರಲಿಲ್ಲ. ಅವತ್ತು ಗಡ್ಡದ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳೋಣವೆಂದರೆ ಬಲಗೈಗೆ ವೈರು ಕಟ್ಟಿದೆ. ನಾನೇ ನನ್ನ ಏಪ್ರನ್ನಿನಲ್ಲಿ ಒರೆಸಿದೆ. ಗುನ್ನೆಲ್ ಮೂಗು ಒರೆಸಿಕೊಂಡು, 'ಯಾಕೆ ಹಿಡೀತು ಅಂತ ನನಗೂ ಪೂರ್ತಿ ಗೊತ್ತಿಲ್ಲ' ಎಂದು ಒಪ್ಪಿಕೊಂಡಳು. 'ಎರಡೂ ಕೈಯ ಲೆಕ್ಕ ತಲೆಯೊಳಗೆ ಎಲ್ಲೋ ಒಂದಕ್ಕೊಂದು ತಗುಲಿಕೊಂಡಿರತ್ತೆ ಅಂತಾರೆ ನಮ್ಮ ಮೇಷ್ಟ್ರು.'

ನಾನು ಅಂಗಳಕ್ಕೆ ಓಡಿದೆ. ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಪೆತ್ರಿನೆಗೆ, 'ಬಿಚ್ತು! ಬಿಚ್ತು ಅಜ್ಜಿ!' ಎಂದು ಕೂಗಿದೆ. ಅವಳು ಬಟ್ಟೆ ಬಿಟ್ಟು, 'ಯಾವ ಕುರಿ ಬಿಚ್ಕೊಂತೇ?' ಎಂದು ಬಡಿಗೆ ಹುಡುಕತೊಡಗಿದಳು. ಹೇಳಿದ ಮೇಲೆ ನನ್ನನ್ನು ತಬ್ಬಿಕೊಂಡು ಕುಣಿದಳು, ಮರದ ಚಪ್ಪಲಿಯಲ್ಲಿ, ಆ ವಯಸ್ಸಿನಲ್ಲಿ!

ಎಲ್ಲ ಅಲ್ಲಿಗೇ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಊಟದ ಹೊತ್ತಿಗೆ ಬೆರಳುಗಳು ಮತ್ತೆ ಮಡಚಿಕೊಂಡವು. ಮಾವನ ಮುಖ ಬೂದಿಯಾಯಿತು, ಸಿಕ್ಕಿದ್ದನ್ನು ಕಸಿದುಕೊಂಡ ಹಾಗೆ. ಗುನ್ನೆಲ್ ಪೆಟ್ಟಿಗೆಯನ್ನು ನಮ್ಮಲ್ಲೇ ಬಿಟ್ಟುಹೋಗಿದ್ದಳು, ಬಿಲ್ಲೆ ಕಟ್ಟುವುದನ್ನು ನನಗೆ ಕಲಿಸಿದ್ದಳು. ನಾನೇ ಕಟ್ಟಿ ಗುಂಡಿ ತಿರುಗಿಸಿದೆ. ಮತ್ತೆ ಬಿಚ್ಚಿತು! ನನ್ನ ಕೈಯಲ್ಲೂ ಬಿಚ್ಚಿತು! ಈಗ ದಿನಾ ಬೆಳಗ್ಗೆ ಕಾಫಿಯ ಜೊತೆ ಒಂದು ಸಲ, ಮಧ್ಯಾಹ್ನ ಒಂದು ಸಲ ಕಟ್ಟುತ್ತೇವೆ. ಕೆಲವು ದಿನ, ಅದರಲ್ಲೂ ಮೋಡ ಕವಿದ ದಿನ, ಹಟ ಮಾಡುತ್ತದೆ, ಅರ್ಧ ಬಿಚ್ಚಿ ನಿಲ್ಲುತ್ತದೆ. ಆದರೆ ಮೊದಲಿನ ಹಾಗೆ ಉಗುರು ನಾಟುವುದಿಲ್ಲ. ಗುಳಿಗೆ ಅರ್ಧಕ್ಕರ್ಧ ಬಿಟ್ಟಿದ್ದಾರೆ, ಡಾಕ್ಟರಿಗೆ ತಿಳಿಸಿಯೇ. ನಿದ್ದೆ ಬರುತ್ತಿದೆ, ಗೊರಕೆಯೂ ಬರುತ್ತಿದೆ, ಅದಕ್ಕೊಂದು ಪೆಟ್ಟಿಗೆ ಇದ್ದರೆ ಗುನ್ನೆಲ್‌ಳನ್ನು ಕೇಳಬೇಕು.

ಶುಕ್ರವಾರ ಪೆತ್ರಿನೆಯ ಮನೆಯ ಫೋನಿನಿಂದ ಮಾವನೇ ಆಸ್ಪತ್ರೆಗೆ ಮಾತಾಡಿದರು. 'ನಾನು ಸ್ಕಾರ್‌ವಿಕದ ಹಾಲ್ವರ್. ಮಂಗಳವಾರ ಬರಲ್ಲ. ತೋಳು ಬೇಕಾಗಿದೆ' ಅಂದು ಇಟ್ಟುಬಿಟ್ಟರು! ಆ ಕಡೆಯವರು ಪಾಪ ಏನಂದುಕೊಂಡರೋ. ಡಾಕ್ಟರು ಆಮೇಲೆ ತಾವೇ ಫೋನ್ ಮಾಡಿ ಎಲ್ಲ ಕೇಳಿಕೊಂಡು, ಕತ್ತರಿಸದೆ ಉಳಿದದ್ದು ತಮಗೂ ಸಮಾಧಾನವೆಂದರು. ಮಾರನೆಯ ದಿನ, ಹಬ್ಬದ ಮೆರವಣಿಗೆಯಲ್ಲಿ, ಮಾವ ಕಪ್ಪು ಸೂಟು ಹಾಕಿಕೊಂಡು ಮಕ್ಕಳ ಹಿಂದೆ ನಡೆದರು. ಕೊಕ್ಕೆಯ ಕೈ ತೊಟ್ಟು, ಆ ಕೊಕ್ಕೆಗೇ ಬಾವುಟ ಸಿಕ್ಕಿಸಿಕೊಂಡು!

ಸೋಮವಾರ ಬೆಳಗ್ಗೆ ನೋಡುತ್ತೇನೆ, ದೋಣಿಯ ಮೇಲಿನ ಟಾರ್ಪಾಲು ತೆಗೆದಿದ್ದಾರೆ. ನನ್ನನ್ನು ಕರೆದು, ಒಂದು ಕಬ್ಬಿಣದ ಗಟ್ಟಿಯನ್ನು ಕೈಗೆ ಕೊಟ್ಟು, 'ನೀನು ಹೊರಗಡೆಯಿಂದ ಮೊಳೆ ತಲೆಗೆ ಇದನ್ನ ಒತ್ತಿ ಹಿಡಿ, ನಾನು ಒಳಗಡೆಯಿಂದ ಬಡೀತೀನಿ' ಅಂದರು. ಹಲಗೆಯ ಮೇಲೆ ಹಲಗೆ ಕೂರಿಸಿ ತಾಮ್ರದ ಮೊಳೆ ಹೊಡೆದು ಅದರ ತುದಿಯನ್ನು ಅಗಲಿಸುವ ಆ ಕೆಲಸವನ್ನು ನೀನು ಚಿಕ್ಕಂದಿನಿಂದ ಮಾಡಿದವನು, ನನಗೆ ಹೊಸದು. ಎಷ್ಟು ಬೈಸಿಕೊಂಡೆ ಗೊತ್ತೇ! 'ಗಟ್ಟಿಯಾಗಿ ಹಿಡಿಯೇ, ರೊಟ್ಟಿಗೆ ಬೆಣ್ಣೆ ಸವರ್ತಿದೀಯಾ?' 'ನೀವು ನೆಟ್ಟಗೆ ಬಡೀರಿ ಮಾವ, ದೋಣಿಗೆ ಗಂಟೆ ಬಾರಿಸ್ತಿದೀರಾ?' ದಿನವಿಡೀ ಇದೇ. ಕೊಕ್ಕೆಯಲ್ಲಿ ಹಲಗೆ ಅದುಮಿ ಹಿಡಿಯುವುದನ್ನು ಅವರು ಕಲಿತರು, ಸುತ್ತಿಗೆಯ ಸದ್ದು ಕೇಳಿಯೇ ಮೊಳೆ ಕೂತಿತೋ ಇಲ್ಲವೋ ಹೇಳುವುದನ್ನು ನಾನು ಕಲಿತೆ. ನೋವು ಬಂದರೆ ಅವರು ಸುತ್ತಿಗೆ ಇಟ್ಟು ಬಲಗೈ ಚಾಚುತ್ತಾರೆ, ನಾನು ಬಿಲ್ಲೆ ಕಟ್ಟುತ್ತೇನೆ, ಇಬ್ಬರೂ ತೊಟ್ಟಿಯ ಮೇಲೆ ಕೂತು ಕಂದು ಚೀಸಿನ ರೊಟ್ಟಿ ತಿನ್ನುತ್ತೇವೆ. ನಿನ್ನ ಬಾಲ್ಯದ ಕಥೆಗಳೆಲ್ಲ ಆಗ ಹೊರಬರುತ್ತವೆ. ಪಾದ್ರಿಗಳ ಹಂದಿಮರಿಯನ್ನು ಸಮುದ್ರಕ್ಕೆ ಈಜಲು ಬಿಟ್ಟಿದ್ದೆಯಂತೆ, ನನಗೆ ಯಾಕೆ ಹೇಳಿರಲಿಲ್ಲ?

ಹೋದ ಶನಿವಾರ ದೋಣಿಯನ್ನು ನೀರಿಗೆ ಇಳಿಸಿದೆವು ಐಲಿಫ್! ನಮ್ಮ ದೋಣಿ! ದ್ವೀಪದವರೆಲ್ಲ ಸೇರಿ ಹೆಗಲು ಕೊಟ್ಟರು. ಪೆತ್ರಿನೆ ಅಂಚಿನುದ್ದಕ್ಕೂ ಕೈಯಾಡಿಸಿ, 'ಎರಡು ಕೈ ಇದ್ದಾಗ ಕಟ್ಟಿದ್ದಕ್ಕಿಂತ ಚೆನ್ನಾಗಿದ್ಯಲ್ಲೋ' ಅಂದಳು. 'ಈ ಸಲ ಮೂರು ಕೈ ಇದ್ವು' ಅಂದರು ಮಾವ, ನನ್ನ ಕಡೆ ನೋಡದೆಯೇ. ಹೊಸ ಹಲಗೆ ನೀರು ಕುಡಿದು ಉಬ್ಬುವ ತನಕ ತಳದಲ್ಲಿ ಸ್ವಲ್ಪ ನೀರು ಜಿನುಗಿತು, ಅದು ಸಹಜವಂತೆ. ಭಾನುವಾರ ನಾವಿಬ್ಬರೇ ಹೋದೆವು. ಕೊಕ್ಕೆಯನ್ನು ತೊಗಲಿನ ಪಟ್ಟಿಯಿಂದ ಹುಟ್ಟಿಗೆ ಬಿಗಿದುಕೊಂಡು ಮಾವ ಹುಟ್ಟು ಹಾಕಿದರು. ಮೊದಲು ದೋಣಿ ಗಿರಗಿರ ಸುತ್ತಿತು, ನಮ್ಮ ನಗು ದಕ್ಕೆಯ ತನಕ ಕೇಳಿಸಿತಂತೆ. ಆಮೇಲೆ ನೆಟ್ಟಗೆ ಹೋಯಿತು. ಬಂಡೆಗಳಾಚೆ ಹೋಗಿ ಗಾಳ ಹಾಕಿ, ಬೆಳ್ಳಗೆ ಮಿರುಗುವ ಕಾಡ್ ಮೀನು ತಂದೆವು. ಬೇಯಿಸಿ, ಆಲೂಗಡ್ಡೆಯ ಜೊತೆ, ಕರಗಿಸಿದ ಬೆಣ್ಣೆ ಸುರಿದು ತಿಂದೆವು. ಊಟದ ಉದ್ದಕ್ಕೂ ಮಾವ ಒಂದು ಸಲವೂ ಚಮಚ ಕೆಳಗಿಡಲಿಲ್ಲ.

ಈಗ ದ್ವೀಪದಲ್ಲೆಲ್ಲ ಪೆಟ್ಟಿಗೆಯದೇ ಮಾತು. ಅಂಚೆಯವನು ಹಲ್ಲುನೋವಿಗೆ ಕಟ್ಟಿ ಅಂದ, ಹಲ್ಲು ಕೀಳಿಸಿಕೋ ಹೋಗು ಎಂದು ಮಾವ ಅಟ್ಟಿದರು. ಎಲ್ಲಕ್ಕೂ ಇದೇ ಮದ್ದು ಅನ್ನುವುದು ಸಂತೆಯವನ ವಿದ್ಯೆ, ಗುನ್ನೆಲ್ ಹಾಗೆ ಹೇಳಲಿಲ್ಲ ಎಂದು ಈಗ ಅವರೇ ಊರಿಗೆಲ್ಲ ಪಾಠ ಹೇಳುತ್ತಾರೆ. ಸ್ವೀಡನ್ನಿನವರ ಬಗ್ಗೆ ಗುರುವಾರಗಳಂದು ತಮಾಷೆ ಮಾಡುವುದನ್ನೂ ನಿಲ್ಲಿಸಿದ್ದಾರೆ. ಉಳಿದ ದಿನ ಮಾಡುತ್ತಾರೆ.

ಮಾವ ನಿನಗೆ ಆಶೀರ್ವಾದ ತಿಳಿಸಿದ್ದಾರೆ, ಹುಟ್ಟುಗಳಿಗೆ ಬಣ್ಣ ಬಳಿಯುವುದು ನಿನ್ನ ಪಾಲಿನ ಕೆಲಸವಂತೆ, ಹಾಗೇ ಇಟ್ಟಿದ್ದಾರೆ. ಪೆತ್ರಿನೆ ಅಜ್ಜಿ ನಿನ್ನ ಕೆನ್ನೆ ಹಿಂಡಿದ್ದಾಳೆಂದು ಬರೆಯಲು ಹೇಳಿದಳು. ನಿನ್ನ ಹಡಗಿನ ಕೆಳಗೆ ನೀರು ಶಾಂತವಾಗಿರಲಿ, ಹೊತ್ತಿಗೆ ಸರಿಯಾಗಿ ಉಣ್ಣು, ಮಲಗು.

ಇಲ್ಲಿಂದ ನಿನ್ನನ್ನೇ ನೆನೆಯುವ,
ಒಡ್‌ನಿ

ಮ.ವಿ.: ಅಂಚೆ ದೋಣಿ ತಿರುವಿನಲ್ಲಿ ಕೂಗು ಹಾಕಿತು, ಬೇಗ ಬೇಗ ಬರೆಯುತ್ತಿದ್ದೇನೆ. ಈ ಮಾತನ್ನು ಎಲ್ಲಿ ಸೇರಿಸಬೇಕೆಂದು ಗೊತ್ತಾಗದೆ ಕೊನೆಗೆ ಉಳಿಯಿತು, ಇದನ್ನು ಗೆಳೆಯರಿಗೆ ಓದಬೇಡ. ಮೊನ್ನೆ ಗುರುವಾರ ಗುನ್ನೆಲ್ ಬಂದಿದ್ದಾಗ, ಹಲಗೆಗೆ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿದೆ, ನನಗೂ ಒಂದು ಸಲ ಬಿಲ್ಲೆ ಹಚ್ಚು ಎಂದೆ. ಹಚ್ಚಲು ಬಂದವಳು, ಹೆಂಗಸರನ್ನೆಲ್ಲ ಕೇಳುವ ಮಾತನ್ನು ನನ್ನನ್ನೂ ಕೇಳಿದಳು: 'ಹೊಟ್ಟೇಲಿ ಮಗು ಇಲ್ಲ ತಾನೆ?' ಇಲ್ಲ ಅನ್ನಲು ಬಾಯಿ ತೆರೆದೆ. ತೆರೆದದ್ದು ಹಾಗೇ ಉಳಿಯಿತು. ಇಷ್ಟು ವರ್ಷ ಕಾದು ಕಾದು ನಾನು ದಿನ ಎಣಿಸುವುದನ್ನೇ ಬಿಟ್ಟಿದ್ದೆನಲ್ಲ ಐಲಿಫ್, ಈಸ್ಟರ್ ಆದಮೇಲೆ ಮುಟ್ಟಾಗಿಲ್ಲ ಅನ್ನುವುದು ಅಲ್ಲಿ ನಿಂತಾಗಲೇ ಹೊಳೆದದ್ದು. ಗುನ್ನೆಲ್ ನನ್ನ ಮುಖ ನೋಡಿ ವೈರು ಸುತ್ತಿ ಇಟ್ಟಳು. ನಿನ್ನೆ ಪೇಟೆಗೆ ಹೋಗಿ 'ಸೊಂಟಕ್ಕೆ' ಎಂದು ಮಾವನಿಗೆ ಹೇಳಿ ಡಾಕ್ಟರನ್ನು ಕಂಡು ಬಂದೆ. ಹೌದು. ಹೌದಂತೆ! ಕ್ರಿಸ್‌ಮಸ್ ಆಸುಪಾಸಿಗೆ. ಈಗ ಪೆಟ್ಟಿಗೆ ನನಗೆ ಕೂಡದಂತೆ, ಆದರೆ ಹೆರಿಗೆ ನೋವು ಶುರುವಾದ ಮೇಲೆ ಬೆನ್ನಿಗೆ ಕಟ್ಟಬಹುದಂತೆ, ಗೋಥೆನ್‌ಬರ್ಗ್‌ನಲ್ಲಿ ಈಗಾಗಲೇ ಹಾಗೆ ಮಾಡುತ್ತಿದ್ದಾರಂತೆ. ಮಾವನಿಗೆ ಇನ್ನೂ ಹೇಳಿಲ್ಲ, ಯಾರಿಗೂ ಹೇಳಿಲ್ಲ, ಮೊದಲು ನಿನಗೆ. ಡಿಸೆಂಬರಿನ ರಜೆ ಇವತ್ತೇ ಕೇಳು, ಯಾವ ಬಂದರಿನಲ್ಲಿದ್ದರೂ ಇಳಿದು ಬಾ. ಕಾಗದ ಮಡಚುತ್ತಿದ್ದೇನೆ, ದಕ್ಕೆಗೆ ಓಡಬೇಕು. ಇಲ್ಲ, ಓಡುವುದಿಲ್ಲ. ಇನ್ನು ಮೇಲೆ ನಡೆದೇ ಹೋಗುತ್ತೇನೆ, ಅಂಚೆಯವನು ಕಾಯಲಿ.